ಎತ್ತರದ ಸವಾರರಿಗೆ ಸೈಕಲ್ ಫ್ರೇಮಿನ ಅಳತೆ: ಸಾರ್ವಜನಿಕರ ಮಾಹಿತಿಗಾಗಿ

ವಿಜಯಪುರ ಜಿಲ್ಲೆಯು ಸೈಕ್ಲಿಂಗ್ ಕ್ರೀಡೆಯಲ್ಲಿ ರಾಜ್ಯದಲ್ಲಿಯೇ ಹೆಸರು ಪಡೆದ ಜಿಲ್ಲೆಯಾಗಿದೆ. ಕ್ರೀಡಾಪಟುಗಳಲ್ಲದೆ ಶಾಲೆ, ಹೊಲ, ತೋಟ ಮತ್ತು ಮಾರುಕಟ್ಟೆಗೆ ದಿನನಿತ್ಯ ಸೈಕಲ್ಲಿನಲ್ಲಿ ಹೋಗಿಬರುವವರೂ ವಿಜಯಪುರ ನಗರ ಹಾಗೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ಇದ್ದಾರೆ. ಇವರಲ್ಲಿ 6 ಅಡಿ ಅಥವಾ ಅದಕ್ಕಿಂತ ಹೆಚ್ಚು ಎತ್ತರ ಇರುವವರು ಸೈಕಲ್ ಖರೀದಿಸುವಾಗ ಬಣ್ಣ, ಗೇರು, ಬೆಲೆ ಇವುಗಳನ್ನು ವಿಚಾರಿಸುತ್ತಾರೆಯೇ ಹೊರತು ಫ್ರೇಮಿನ ಅಳತೆಯನ್ನು ವಿಚಾರಿಸುವುದು ಕಡಿಮೆ. ಅಳತೆ ತಪ್ಪಿದ ಸೈಕಲ್ಲಿನಿಂದ ಮೊಣಕಾಲು, ಸೊಂಟ ಮತ್ತು ಕುತ್ತಿಗೆಯ ನೋವು ಉಂಟಾಗುತ್ತದೆ. ಸೀಟಿನ ಕೊಳವೆ ಮುರಿದು ಸವಾರನು ಬೀಳುವ ಅಪಾಯವೂ ಇದೆ. ಆದ್ದರಿಂದ ಖರೀದಿಗೆ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಗಾಲಿಯ ಅಳತೆ ಬೇರೆ, ಫ್ರೇಮಿನ ಅಳತೆ ಬೇರೆ

ಹೆಚ್ಚಿನ ತಪ್ಪುಗಳು ಒಂದೇ ಕಾರಣದಿಂದ ಆಗುತ್ತವೆ. ಅಂಗಡಿಯಲ್ಲಿ "24 ಇಂಚಿನ ಸೈಕಲ್" ಎಂದಾಗ ಅದು ಗಾಲಿಯ ಅಳತೆಯೂ ಆಗಿರಬಹುದು, ಫ್ರೇಮಿನ ಅಳತೆಯೂ ಆಗಿರಬಹುದು. ಮಕ್ಕಳ ಸೈಕಲ್ ಹಾಗೂ ಇತ್ತೀಚಿನ ಗೇರ್ ಸೈಕಲ್ಲುಗಳನ್ನು ಗಾಲಿಯ ಅಳತೆಯಿಂದ ಗುರುತಿಸುವುದು ರೂಢಿ. ಆ ಲೆಕ್ಕದಲ್ಲಿ 24 ಇಂಚಿನ ಸೈಕಲ್ ಎಂದರೆ ಹತ್ತು, ಹನ್ನೆರಡು ವರ್ಷದ ಮಕ್ಕಳಿಗೆ ಸರಿಹೊಂದುವ ಸೈಕಲ್. ಆದರೆ ನೇರ ದಂಡಿಯ ಹಳೆಯ ಮಾದರಿಯ ದೊಡ್ಡ ಸೈಕಲ್ಲಿನ ವಿಷಯದಲ್ಲಿ 22 ಇಂಚು, 24 ಇಂಚು ಎಂಬುದು ಫ್ರೇಮಿನ ಅಳತೆ. ಅದರ ಗಾಲಿ 28 ಇಂಚಿನದು. ಈ 24 ಇಂಚಿನ ಫ್ರೇಮು ನೀಳಕಾಲಿನ ಎತ್ತರದ ವ್ಯಕ್ತಿಗೆಂದೇ ತಯಾರಾದದ್ದು. ಒಂದೇ ಅಂಕಿಯು ಒಂದೆಡೆ ಬಾಲಕನ ಸೈಕಲ್ಲನ್ನೂ ಇನ್ನೊಂದೆಡೆ ಆಜಾನುಬಾಹುವಿನ ಸೈಕಲ್ಲನ್ನೂ ಸೂಚಿಸುವುದರಿಂದ, ಖರೀದಿದಾರರು ಅಂಕಿಯ ಜೊತೆಗೆ "ಗಾಲಿಯೋ, ಫ್ರೇಮೋ" ಎಂದು ಸ್ಪಷ್ಟವಾಗಿ ಕೇಳತಕ್ಕದ್ದು.

ಫ್ರೇಮಿನ ಅಳತೆ ಎಂದರೆ ಪೆಡಲುಗಳ ಅಚ್ಚು ತಿರುಗುವ ಸ್ಥಳದ ಮಧ್ಯಬಿಂದುವಿನಿಂದ ಸೀಟಿನ ಕೊಳವೆ ಒಳಸೇರುವ ಫ್ರೇಮಿನ ಪೈಪಿನ ಮೇಲ್ತುದಿಯವರೆಗಿನ ಉದ್ದ. ದರ್ಜಿಯ ಟೇಪಿನಿಂದ ಯಾರು ಬೇಕಾದರೂ ಇದನ್ನು ಅಳೆಯಬಹುದು. ಸೀಟಿನ ಎತ್ತರವನ್ನು ಇದರಲ್ಲಿ ಸೇರಿಸಬಾರದು. ಕೆಲವು ತಯಾರಕರು ಮೇಲ್ತುದಿಯ ಬದಲು ದಂಡಿಯ ಮಧ್ಯದವರೆಗೆ ಅಳೆಯುವುದುಂಟು. ಹೀಗಾಗಿ ಎರಡು ಕಂಪನಿಗಳ ಒಂದೇ ಅಳತೆಯ ಸೈಕಲ್ಲುಗಳಲ್ಲಿ ಸ್ವಲ್ಪ ವ್ಯತ್ಯಾಸ ಕಂಡುಬರುತ್ತದೆ. ಸ್ವತಃ ಅಳೆದುಕೊಳ್ಳುವುದೇ ಸೂಕ್ತ.

ದೇಹದ ಎತ್ತರಕ್ಕಿಂತ ಕಾಲಿನ ಉದ್ದ ಮುಖ್ಯ

ಒಂದೇ ಎತ್ತರದ ಇಬ್ಬರಿಗೆ ಒಂದೇ ಸೈಕಲ್ ಸರಿಹೊಂದಲೇಬೇಕೆಂದಿಲ್ಲ. 183 ಸೆಂ.ಮೀ. ಎತ್ತರದ ಒಬ್ಬರ ಒಳಗಾಲಿನ ಉದ್ದ 82 ಸೆಂ.ಮೀ. ಇದ್ದರೆ ಮತ್ತೊಬ್ಬರದು 90 ಸೆಂ.ಮೀ. ಇರಬಹುದು. ಒಳಗಾಲನ್ನು ಅಳೆಯಲು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ಪಾದಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಂತರ ಬಿಡಬೇಕು. ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕುಳಿತಷ್ಟೇ ಒತ್ತಡ ಬೀಳುವಂತೆ ಮೇಲಕ್ಕೆ ಎಳೆದು, ಪುಸ್ತಕದ ಮೇಲಂಚು ಗೋಡೆಗೆ ತಾಗಿದಲ್ಲಿ ಗುರುತು ಹಾಕಬೇಕು. ನೆಲದಿಂದ ಆ ಗುರುತಿನವರೆಗಿನ ಎತ್ತರವೇ ಒಳಗಾಲಿನ ಉದ್ದ. ದರ್ಜಿಯವರು ಪ್ಯಾಂಟಿಗೆ ತೆಗೆದ ಅಳತೆ ಇದಕ್ಕಿಂತ ಕಡಿಮೆ ಇರುತ್ತದೆಯಾದ್ದರಿಂದ ಅದನ್ನು ಬಳಸಬಾರದು.

ಒಳಗಾಲಿನ ಉದ್ದ 88 ಸೆಂ.ಮೀ. ಇರುವ ಸವಾರನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ರೇಸಿಂಗ್ ಸೈಕಲ್ಲಿಗೆ ಈ ಉದ್ದವನ್ನು 0.665 ರಿಂದ ಗುಣಿಸುವುದು ರೂಢಿಯಲ್ಲಿರುವ ಲೆಕ್ಕ. ಅದರಂತೆ 58 ರಿಂದ 59 ಸೆಂ.ಮೀ. ಫ್ರೇಮು ಬೇಕಾಗುತ್ತದೆ. ಇಳಿಜಾರು ದಂಡಿಯ ಗೇರ್ ಸೈಕಲ್ಲಿಗೆ ಸೆಂ.ಮೀ. ಅಳತೆಯನ್ನು 0.225 ರಿಂದ ಗುಣಿಸಿದರೆ ಫ್ರೇಮಿನ ಅಳತೆ ಇಂಚಿನಲ್ಲಿ ದೊರೆಯುತ್ತದೆ. ಇಲ್ಲಿ ಅದು 19 ರಿಂದ 20 ಇಂಚು. ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗದ ಎತ್ತರವನ್ನು ತಿಳಿಯಲು 0.883 ರಿಂದ ಗುಣಿಸಲಾಗುತ್ತದೆ. ಈ ಸವಾರನಿಗೆ ಅದು ಸುಮಾರು 78 ಸೆಂ.ಮೀ. ಆಗುತ್ತದೆ.

ಇದೇ ಸವಾರನು ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, 26 ಇಂಚಿನ ಗಾಲಿ ಮತ್ತು 18 ಇಂಚಿನ ಫ್ರೇಮಿನ ಸೈಕಲ್ಲನ್ನು ಖರೀದಿಸಿದನೆಂದು ಭಾವಿಸೋಣ. 18 ಇಂಚು ಎಂದರೆ ಸುಮಾರು 46 ಸೆಂ.ಮೀ. ಸೀಟಿನ ದಪ್ಪಕ್ಕೆ 7 ಸೆಂ.ಮೀ. ಹಿಡಿದರೂ ಉಳಿದ 25 ಸೆಂ.ಮೀ.ನಷ್ಟು ಸೀಟ್ ಪಿಲ್ಲರ್ ಹೊರಗೆ ಕಾಣುವಂತೆ ಎತ್ತಬೇಕಾಗುತ್ತದೆ. ಸೈಕಲ್ಲಿನ ಜೊತೆ ಬರುವ ಪಿಲ್ಲರ್ ಅನೇಕ ಸಲ 25 ರಿಂದ 30 ಸೆಂ.ಮೀ. ಉದ್ದದ್ದೇ ಆಗಿರುತ್ತದೆ. ಅಂದರೆ ಫ್ರೇಮಿನ ಒಳಗೆ ಉಳಿಯುವುದು ನಾಲ್ಕೈದು ಸೆಂ.ಮೀ. ಮಾತ್ರ, ಕೆಲವೊಮ್ಮೆ ಅದೂ ಇಲ್ಲ. ಪಿಲ್ಲರ್ ಮೇಲೆ ಕನಿಷ್ಠ ಒಳಸೇರಿಕೆಯ ಗೆರೆಯನ್ನು ಕೊರೆದಿರುತ್ತಾರೆ. ಆ ಗೆರೆ ಹೊರಗೆ ಕಾಣುವಂತೆ ಸೀಟನ್ನು ಎತ್ತಿದಲ್ಲಿ ಪಿಲ್ಲರ್ ಬಾಗಬಹುದು ಅಥವಾ ಫ್ರೇಮಿನ ಬೆಸುಗೆ ಸೀಳಬಹುದು. ಇದಕ್ಕೆ ಅಂಜಿ ಸೀಟನ್ನು ತಗ್ಗಿಸಿದರೆ ಮೊಣಕಾಲು ಪೂರ್ತಿ ಚಾಚದೆ ಮಡಿಸಿಯೇ ತುಳಿಯಬೇಕಾಗುತ್ತದೆ. ನೋವು ಬರುವುದು ಇಲ್ಲಿಂದಲೇ.

ಈಗಾಗಲೇ ಇಂತಹ ಸೈಕಲ್ ಹೊಂದಿರುವವರು 35 ಅಥವಾ 40 ಸೆಂ.ಮೀ. ಉದ್ದದ ಪಿಲ್ಲರ್ ಹಾಕಿಸಿಕೊಳ್ಳಬಹುದು. ಪಿಲ್ಲರಿನ ದಪ್ಪದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವಾದರೂ ಅದು ಸಡಿಲವಾಗುತ್ತದೆ ಅಥವಾ ಒಳಗೇ ಹೋಗುವುದಿಲ್ಲ. ಹಳೆಯ ಪಿಲ್ಲರನ್ನು ಅಂಗಡಿಗೆ ಒಯ್ದು ಹೋಲಿಸಿ ನೋಡಿಯೇ ಕೊಳ್ಳಬೇಕು. ತಗಡು ಸುತ್ತಿ ಕೂರಿಸುವ ಉಪಾಯ ಬೇಡ.

ಸವಾರಿ ಮಾಡಿ ನೋಡುವುದು

ಲೆಕ್ಕವು ದಾರಿ ತೋರಿಸುತ್ತದೆ. ನಿರ್ಧಾರವನ್ನು ಸೈಕಲ್ ಹತ್ತಿ ನೋಡಿಯೇ ಮಾಡಬೇಕು. ದಿನವೂ ತೊಡುವ ಚಪ್ಪಲಿ ಅಥವಾ ಬೂಟನ್ನು ಧರಿಸಿ, ಎರಡೂ ಪಾದಗಳನ್ನು ನೆಲಕ್ಕೂರಿ ದಂಡಿಯ ಮೇಲೆ ನಿಂತಾಗ ದಂಡಿಗೂ ದೇಹಕ್ಕೂ ನಡುವೆ ಕನಿಷ್ಠ 2 ರಿಂದ 3 ಸೆಂ.ಮೀ. ಅಂತರವಿರಬೇಕು. ಕಚ್ಚಾ ರಸ್ತೆಯಲ್ಲಿ ಓಡಿಸುವವರಿಗೆ 5 ಸೆಂ.ಮೀ. ಇರುವುದು ಒಳ್ಳೆಯದು. 24 ಇಂಚಿನ ದೊಡ್ಡ ಸೈಕಲ್ಲಿನ ದಂಡಿ ನೆಲದಿಂದ ಸುಮಾರು 88 ರಿಂದ 90 ಸೆಂ.ಮೀ. ಎತ್ತರದಲ್ಲಿರುತ್ತದೆ. ಆದ್ದರಿಂದ 6 ಅಡಿ ಎತ್ತರವಿದ್ದರೂ ಕಾಲು ಗಿಡ್ಡವಾಗಿರುವವರಿಗೆ 22 ಇಂಚಿನದೇ ಸುರಕ್ಷಿತ. ಎತ್ತರದವರೆಲ್ಲರೂ ಅತಿ ದೊಡ್ಡ ಫ್ರೇಮನ್ನೇ ಕೊಳ್ಳಬೇಕೆಂಬುದು ಸರಿಯಲ್ಲ.

ಬಳಿಕ ಸೀಟಿನ ಮೇಲೆ ಕುಳಿತು ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯನ್ನು ಇಡಬೇಕು. ಆಗ ಕಾಲು ನೇರವಾಗಿ, ಸೊಂಟ ಓಲಾಡದೆ ಇದ್ದರೆ ಸೀಟಿನ ಎತ್ತರ ಸರಿಯಾಗಿದೆ ಎಂದರ್ಥ. ಹ್ಯಾಂಡಲ್ ತಿರುಗಿಸುವಾಗ ಮೊಣಕಾಲು ಅದಕ್ಕೆ ತಾಗಿದರೆ ಫ್ರೇಮು ಗಿಡ್ಡವಾಗಿದೆ. ಬೂಟಿನ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗುತ್ತಿದ್ದರೆ ತಿರುವಿನಲ್ಲಿ ಬೀಳುವ ಸಂಭವವಿದೆ. ಎತ್ತರದವರ ಪಾದವೂ ಉದ್ದವಾಗಿರುವುದರಿಂದ ಈ ಪರೀಕ್ಷೆಯನ್ನು ಬಿಡಬಾರದು.

ನಗರದಿಂದ ತಿಕೋಟಾ ಪಶ್ಚಿಮಕ್ಕೂ ಬಬಲೇಶ್ವರ ನೈರುತ್ಯಕ್ಕೂ ಇದ್ದು, ಎರಡೂ 20 ಕಿ.ಮೀ. ಆಸುಪಾಸಿನಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಬೀಸುವುದೂ ಆ ದಿಕ್ಕಿನಿಂದಲೇ. ಬಯಲುಸೀಮೆಯಲ್ಲಿ ಈ ಎದುರುಗಾಳಿಗೆ ತಡೆಯಿಲ್ಲ. ನೆಟ್ಟಗೆ ಕುಳಿತ ಎತ್ತರದ ಸವಾರನಿಗೆ ಗಾಳಿಯ ಹೊಡೆತ ಇತರರಿಗಿಂತ ಹೆಚ್ಚು. ದಂಡಿಯ ಉದ್ದ ಸಾಕಷ್ಟಿದ್ದರೆ ಮುಂದಕ್ಕೆ ಬಾಗಿ ಓಡಿಸಬಹುದು; ಗಿಡ್ಡ ಫ್ರೇಮಿನಲ್ಲಿ ಬಾಗಿದರೆ ಮೊಣಕಾಲು ಎದೆಗೆ ಬರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರುವ ಪ್ರಸಂಗ ಈ ಭಾಗದವರಿಗೆ ಹೊಸದಲ್ಲ. ಹೊಲದ ದಾರಿಯಲ್ಲಿ ಓಡಾಡುವವರು ಇವೆರಡರ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗವಿದೆಯೇ ಎಂದು ನೋಡಿಕೊಳ್ಳುವುದು. ದೇಹದ ತೂಕದ ಜೊತೆ ಹಾಲಿನ ಕ್ಯಾನು ಅಥವಾ ಚೀಲ ಹೇರುವವರಿಗೆ, ಹಿಂಗಾಲಿಯಲ್ಲಿ 40 ಕಡ್ಡಿಗಳಿರುವ ಹಳೆಯ ಮಾದರಿಯೇ ಬಾಳಿಕೆಯದು.

ಮಹಿಳೆಯರು ಮತ್ತು ವಿದ್ಯಾರ್ಥಿಗಳು

ತಗ್ಗು ದಂಡಿಯ ಲೇಡೀಸ್ ಸೈಕಲ್ಲುಗಳು ಹೆಚ್ಚಾಗಿ ಸಣ್ಣ ಫ್ರೇಮಿನಲ್ಲಿಯೇ ಬರುತ್ತವೆ. ಎತ್ತರದ ಮಹಿಳೆಯರು ಅದರಲ್ಲಿಯೇ ಹೊಂದಿಕೊಳ್ಳಬೇಕಾಗಿಲ್ಲ. ಉದ್ದದ ಪಿಲ್ಲರ್ ಹಾಕಿಸಬಹುದು ಅಥವಾ ಚೂಡಿದಾರ ತೊಡುವವರಾದರೆ ಇಳಿಜಾರು ದಂಡಿಯ ದೊಡ್ಡ ಫ್ರೇಮನ್ನು ಆರಿಸಬಹುದು.

ರಾಜ್ಯ ಸರ್ಕಾರವು 2006-07 ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಣೆಯನ್ನು ಆರಂಭಿಸಿತ್ತು. ಕೋವಿಡ್ ಅವಧಿಯಲ್ಲಿ, 2020-21 ರಿಂದ ವಿತರಣೆ ನಿಂತಿತು. ಆ ಸೈಕಲ್ಲುಗಳು ಅನೇಕ ಮನೆಗಳಲ್ಲಿ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ದಾಟಿ ಬಂದಿವೆ. ಪಡೆದವರ ಎತ್ತರಕ್ಕೂ ಓಡಿಸುವವರ ಎತ್ತರಕ್ಕೂ ಸಂಬಂಧವಿಲ್ಲದಿರುವುದು ಸಹಜ. ಇಂತಹ ಸೈಕಲ್ಲನ್ನು ಬೇಗ ಬೆಳೆದ ಹುಡುಗನಿಗೆ ಕೊಡುವ ಮುನ್ನ ಪಿಲ್ಲರಿನ ಗೆರೆಯನ್ನು ಪಾಲಕರು ನೋಡತಕ್ಕದ್ದು. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಮುಂದೆ ಬೆಳೆಯುತ್ತಾನೆಂದು ಈಗಲೇ 24 ಇಂಚಿನ ಫ್ರೇಮು ಕೊಡಿಸಿದರೆ, ಬಾಲಕನು ಹಿಂದಿನ ಕಾಲದಂತೆ ದಂಡಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯಬೇಕಾಗುತ್ತದೆ. ಇಂದಿನ ವಾಹನ ಸಂಚಾರದಲ್ಲಿ ಇದು ಅಪಾಯಕಾರಿ.

ಸೈಕ್ಲಿಂಗ್ ಆಯ್ಕೆ ಪರೀಕ್ಷೆಗೆ ಅಥವಾ ಸೈಕಲ್ಲಿಗೆ ಸಂಬಂಧಿಸಿದ ಯಾವುದೇ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವವರು, ಅರ್ಜಿಯಲ್ಲಿ ಅಳತೆ ಕೇಳಿದ್ದಲ್ಲಿ ದೇಹದ ಎತ್ತರದೊಂದಿಗೆ ಒಳಗಾಲಿನ ಉದ್ದವನ್ನೂ ಸೆಂ.ಮೀ.ನಲ್ಲಿ ನಮೂದಿಸುವುದು ಉಪಯುಕ್ತ.

ಬಿಲ್ಲಿನಲ್ಲಿ ಏನಿರಬೇಕು

ಖರೀದಿಯ ಬಿಲ್ಲಿನಲ್ಲಿ ಮಾದರಿಯ ಹೆಸರು, ಫ್ರೇಮಿನ ಸಂಖ್ಯೆ, ಗಾಲಿಯ ಅಳತೆ ಮತ್ತು ಫ್ರೇಮಿನ ಅಳತೆ ಇವುಗಳನ್ನು ಪ್ರತ್ಯೇಕವಾಗಿ ಬರೆಯಿಸಿಕೊಳ್ಳಬೇಕು. ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ದರವನ್ನು ದಿನಾಂಕ 22-09-2025 ರಿಂದ ಶೇ. 12 ರಿಂದ ಶೇ. 5 ಕ್ಕೆ ಇಳಿಸಲಾಗಿದ್ದು, ಅದನ್ನೂ ಪರಿಶೀಲಿಸಬಹುದು.

ಗ್ರಾಹಕರ ಸಂರಕ್ಷಣಾ ಅಧಿನಿಯಮ 2019 ರ ಪ್ರಕಾರ, ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯಲ್ಲಿ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಆದರೆ ಸವಾರನ ದೇಹಕ್ಕೆ ಅಳತೆ ಹೊಂದದಿರುವುದು ಸೈಕಲ್ಲಿನ ದೋಷವೆನಿಸುವುದಿಲ್ಲ. ಬಿಲ್ಲಿನಲ್ಲಿ ಒಂದು ಅಳತೆ ಬರೆದು ಬೇರೆ ಅಳತೆಯ ಸೈಕಲ್ ಕೊಟ್ಟಿದ್ದಲ್ಲಿ ಮಾತ್ರ ದೂರಿಗೆ ಆಧಾರವಿರುತ್ತದೆ. ಅಂತಹ ಸಂದರ್ಭದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸರಕಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ಬಿಲ್ಲಿನ ಮೂಲಪ್ರತಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡು ನಕಲು ಪ್ರತಿಯನ್ನು ಲಗತ್ತಿಸುವುದು.