ಶರದೃತುವಿನ ಬಣ್ಣಕ್ಕೆ ಬಯಲುಸೀಮೆಯ ಗಿಡಗಳು

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿರುವ ಮಗಳು ಕೆಂಪೇರಿದ ಮೇಪಲ್ ಮರಗಳ ಚಿತ್ರಗಳನ್ನು ಕಳುಹಿಸುತ್ತಾಳೆ. ಅವನ್ನು ನೋಡಿದ ನೆರೆಯವರೊಬ್ಬರು, ನಮ್ಮ ಕೈತೋಟಗಳಿಗೂ ಅಂಥ ಬಣ್ಣ ತರಲಾಗದೇ ಎಂದು ಕೇಳಿದರು. ಪ್ರಶ್ನೆ ಸರಳವಾದುದು. ಉತ್ತರದಲ್ಲಿ ಮಾತ್ರ ಸಸ್ಯಶಾಸ್ತ್ರದಷ್ಟೇ ನೀರಿನ ಅರ್ಥಶಾಸ್ತ್ರವೂ ಅಡಗಿದೆ.

ಶೀತ ದೇಶಗಳಲ್ಲಿ ಹಗಲು ಕುಗ್ಗಿ ಚಳಿ ಹೆಚ್ಚಿದಂತೆ ಎಲೆಯ ಹರಿತ್ತು ಅಳಿದು, ಅದರಡಿಯ ಹಳದಿ ಹೊರಗೆ ಕಾಣುತ್ತದೆ. ಕೆಲವು ಮರಗಳಲ್ಲಿ ಕೆಂಪು ವರ್ಣದ್ರವ್ಯವೂ ಹೊಸದಾಗಿ ಹುಟ್ಟುತ್ತದೆ. ನಮ್ಮ ಬಯಲುಸೀಮೆಯಲ್ಲಿ ಎಲೆ ಉದುರಿಸುವುದು ಹೆಚ್ಚಾಗಿ ಒಣಹವೆ. ಅದೂ ಮಾಘ, ಫಾಲ್ಗುಣಗಳಲ್ಲಿ. ಇಲ್ಲಿ ಎಲೆಯ ಕೆಂಪು ಎಂದರೆ ಚಿಗುರಿನ ಕೆಂಪು. ಅಶ್ವತ್ಥದ ತಾಮ್ರವರ್ಣವೂ ಸಾಗಡೆಯ ಕಡುಗೆಂಪೂ ವಸಂತಕ್ಕೆ ಸೇರಿದವು. ಆಶ್ವಯುಜ, ಕಾರ್ತಿಕಗಳ ಬಣ್ಣವನ್ನು ಹೂವು, ಕಾಯಿಗಳಲ್ಲಿ ಅರಸಬೇಕು.

ಅದಕ್ಕೆ ನಮ್ಮ ನೆಲದಲ್ಲಿ ಕೊರತೆಯಿಲ್ಲ. ಮೊದಲನೆಯದು ಆವರಿಕೆ, ಅಂದರೆ ತಂಗಡಿ. ಕಲ್ಲುನೆಲದಲ್ಲೂ ಬೆಳೆದು ಹೊನ್ನಿನಂತಹ ಹೂ ಬಿಡುವ ಇದು ತೆಲಂಗಾಣದ ರಾಜ್ಯಪುಷ್ಪ; ಶರದೃತುವಿನ ಬತುಕಮ್ಮ ಹಬ್ಬಕ್ಕೆ ಇದೇ ಮುಖ್ಯ ಹೂವು. ಬೇಲಿಗೆ ಬಂದರಿಕೆ ಉತ್ತಮ. ಮಳೆ ಮುಗಿದ ಬಳಿಕ ಇದರ ರೆಕ್ಕೆಯುಳ್ಳ ಕಾಯಿಗಳು ಕೆಂಪಾಗಿ, ಗಿಡವೇ ಹೂ ಬಿಟ್ಟಂತೆ ತೋರುತ್ತದೆ. ಮುಳ್ಳುಗೋರಂಟೆಯದು ಕಿತ್ತಳೆ ಬೆರೆತ ಹಳದಿ. ಅಗ್ನಿಶಿಖೆ ಬಳ್ಳಿಯ ಹೂವು ಹಳದಿಯಿಂದ ಕೆಂಪಿಗೆ ತಿರುಗುತ್ತದೆ; ಬೇಸಿಗೆಯಲ್ಲಿ ಬಳ್ಳಿ ಒಣಗಿದರೂ ಗೆಡ್ಡೆ ನೆಲದೊಳಗೆ ಜೀವ ಹಿಡಿದಿರುತ್ತದೆ. ಆದರೆ ಅದರ ಪ್ರತಿ ಭಾಗವೂ ವಿಷಯುಕ್ತ. ಮಕ್ಕಳು, ದನಕರುಗಳು ಓಡಾಡುವಲ್ಲಿ ಅದನ್ನು ನೆಡಬಾರದು. ಸ್ವಲ್ಪ ನೆರಳಿರುವ ಮೂಲೆಗೆ ಪಾರಿಜಾತ ಸಾಕು.

ಹಳದಿ ಹೂವೇ ಬೇಕಿದ್ದರೆ ಯಾವುದಾದರೇನು ಎಂಬ ವಾದವೂ ಇದೆ. ಆವರಿಕೆಯ ಬಂಧುವೇ ಆದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರ ಅಲಂಕಾರಕ್ಕೆಂದು ಉಷ್ಣವಲಯದ ಅಮೆರಿಕದಿಂದ ಬಂದಿತು. ಇಂದು ಅದು ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಹಬ್ಬಿ, ಕಾಡುಪ್ರಾಣಿಗಳ ಮೇವಿನ ಗಿಡ, ಹುಲ್ಲುಗಳನ್ನು ಅಡಗಿಸುತ್ತಿದೆ. ಲಂಟಾನ ಕೂಡ ಹೀಗೆಯೇ ತೋಟದ ಬೇಲಿ ದಾಟಿ ಕಾಡು ಹೊಕ್ಕ ಅತಿಥಿ. ತೋಟದ ಸೊಬಗು ಒಬ್ಬರಿಗೆ, ಅದನ್ನು ಕೀಳುವ ವೆಚ್ಚ ಎಲ್ಲರಿಗೆ.

ನೀರಿನ ಲೆಕ್ಕವೂ ಇಂಥದೇ. ಸೇವೆಯಲ್ಲಿದ್ದಾಗ ಬರಪೀಡಿತ ತಾಲ್ಲೂಕೊಂದರಲ್ಲಿ ಬೆಳಿಗ್ಗೆ ಹಳ್ಳಿಗಳಿಗೆ ಟ್ಯಾಂಕರ್ ಕಳುಹಿಸುವ ಆದೇಶಗಳಿಗೆ ಸಹಿ ಹಾಕುತ್ತಿದ್ದೆ. ಸಂಜೆ ಸರ್ಕಾರಿ ನಿವಾಸಕ್ಕೆ ಮರಳಿದಾಗ ಕೊಳವೆಬಾವಿಯ ನೀರು ಹುಲ್ಲುಹಾಸಿಗೆ ಹರಿಯುತ್ತಿತ್ತು. ಅದನ್ನು ನಿಲ್ಲಿಸಲು ನನಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಆದರೂ ಎರಡು ಬೇಸಿಗೆ ಸುಮ್ಮನಿದ್ದೆ. ಹುಲ್ಲುಹಾಸು ನಿವಾಸದ ಘನತೆಯ ಭಾಗ ಎಂದು ನಂಬಿದ್ದೆ. ಆ ಸಂಕೋಚ ಇಂದಿಗೂ ಉಳಿದಿದೆ.

ಬೆಂಗಳೂರಿನ ಸ್ಥಿತಿಯೂ ಬೇರೆಯಲ್ಲ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ನಗರಕ್ಕೆ ತರಲಾಗುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ದಂಡದ ಭಯಕ್ಕಿಂತ ಗಿಡದ ಆಯ್ಕೆಯೇ ಶಾಶ್ವತ ಪರಿಹಾರವೆಂಬುದನ್ನು ಆಗ ಅನೇಕರು ಮನಗಂಡಿರಬೇಕು.

ವಿಧಾನ ಕಷ್ಟದ್ದಲ್ಲ. ಆವರಿಕೆ, ಬಂದರಿಕೆಗಳ ಬೀಜದ ಹೊರಕವಚ ಗಟ್ಟಿ; ಬಿಸಿನೀರಿಗೆ ಹಾಕಿ ಒಂದು ರಾತ್ರಿ ನೆನೆಸಿದರೆ ಮೊಳಕೆ ಸುಲಭ. ಜೂನ್, ಜುಲೈನಲ್ಲಿ ನೆಟ್ಟರೆ ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ತರುವ ಸೆಪ್ಟೆಂಬರಿನೊಳಗೆ ಬೇರೂರುತ್ತವೆ. ಬುಡಕ್ಕೆ ಒಣಗಿದ ಎಲೆ ಹೊದಿಸಿ, ಮೊದಲೆರಡು ಬೇಸಿಗೆ ಮಿತವಾಗಿ ನೀರುಣಿಸಿದರೆ ಬಳಿಕ ಹೆಚ್ಚಿನ ಆರೈಕೆ ಬೇಡ.

ಮನೆಮನೆಗೆ ಉಪದೇಶಿಸುವ ಮೊದಲು ಸರ್ಕಾರಿ ನಿವಾಸಗಳು, ಕಚೇರಿಗಳ ಆವರಣಗಳು ಈ ಗಿಡಗಳಿಗೆ ಜಾಗ ಕೊಡಲಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು ಮರಗಳೊಂದಿಗೆ ಇಂಥ ಪೊದೆಗಿಡಗಳನ್ನೂ ಬೆಳೆಸಿ ಹಂಚಲಿ. ಅಧಿಕಾರಿಯಾಗಿದ್ದಾಗ ನಾನು ಮಾಡದೆ ಬಿಟ್ಟ ಕೆಲಸವಿದು. ಇಂದು ಆ ಸ್ಥಾನದಲ್ಲಿರುವವರು ಒಂದು ಟಿಪ್ಪಣಿ ಬರೆದರೆ ಸಾಕು.