ಮೇವು ಕತ್ತರಿಸುವ ಯಂತ್ರದ ಅಲಗು

ಪುಣೆಯ ಕನ್ನಡಿಗರಿಗೆ ಕಿರ್ಲೋಸ್ಕರ ಎಂಬ ಹೆಸರು ಚಿರಪರಿಚಿತ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಮೊದಮೊದಲು ತಯಾರಿಸಿದ್ದು ಮೇವು ಕತ್ತರಿಸುವ ಯಂತ್ರವನ್ನು. ಕಬ್ಬಿಣದ ನೇಗಿಲು ತರುವಾಯದ್ದು. 1910ರಲ್ಲಿ ಅವರ ಕಾರ್ಖಾನೆಯು ಇಂದಿನ ಕಿರ್ಲೋಸ್ಕರವಾಡಿಗೆ ಸಾಗಿತು.

ಇಂಥ ಯಂತ್ರದ ಗಾಲಿ ಎರಕದ ಕಬ್ಬಿಣದ್ದು, ಬಹುಕಾಲ ಬಾಳತಕ್ಕದ್ದು. ಬೇಗ ಸವೆಯುವುದು ಅಲಗು. ಆದುದರಿಂದಲೇ ಅದನ್ನು ಬೇರೆ ಉಕ್ಕಿನಿಂದ ಮಾಡಿ ಗಾಲಿಗೆ ಬೋಲ್ಟಿನಿಂದ ಬಿಗಿಯುತ್ತಾರೆ. ಲೆಕ್ಕಪತ್ರದ ಭಾಷೆಯಲ್ಲಿ ಯಂತ್ರವು ಬಂಡವಾಳ, ಅಲಗು ವರ್ಷದ ಖರ್ಚು. ಉಕ್ಕು ತೀರ ಗಡುಸಾದರೆ ಕಲ್ಲು ತಾಗಿ ಸಿಡಿಯುವುದು. ಮೆದುವಾದರೆ ಬೇಗನೆ ಮೊಂಡಾಗುವುದು. ಕಾಸಿ, ತಣಿಸಿ, ಮತ್ತೆ ಮಂದವಾಗಿ ಕಾಸಿ ನಡುವಣ ಹದವನ್ನು ಸಾಧಿಸಬೇಕು. ಅಲಗುಗಳನ್ನು ಜೊತೆಯಾಗಿಯೇ ಬದಲಿಸುವುದು ಲೇಸು. ತೂಕದಲ್ಲಿ ಹೆಚ್ಚುಕಡಿಮೆಯಾದರೆ ಗಾಲಿ ನಡುಗುತ್ತದೆ.

ಮೊಂಡ ಅಲಗು ಮೈಗೂ ಅಪಾಯಕರ. ಸಿಕ್ಕಿಕೊಂಡ ಮೇವನ್ನು ಕೈಯಿಂದ ತಳ್ಳಹೋಗಿ ಬೆರಳು ಕಳೆದುಕೊಂಡವರುಂಟು. ಊರಿಗೆ ಹೋದಾಗ ನೋಡಿರಿ: ಯಂತ್ರಕ್ಕೆ ಮುಸುಕು ಇದೆಯೇ? ಅಲಗು ಬಿಚ್ಚುವ ಮುನ್ನ ವಿದ್ಯುತ್ತನ್ನು ತಪ್ಪಿಸಿ, ಗಾಲಿಗೆ ಮರದ ತುಂಡನ್ನು ಒಡ್ಡಬೇಕು. ದುರ್ದೈವದಿಂದ ಬೆರಳು ತುಂಡಾದರೆ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಒಡನೆ ಆಸ್ಪತ್ರೆಗೆ ಒಯ್ಯಿರಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಕೂಡದು.