‘ಏನೂ ಆಗಿಲ್ಲ’ ಎಂದ ಮೇಲಿನ ಎರಡು ಗಂಟೆ

2009ರ ಮಾರ್ಚ್ 16ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮೋಂ ಟ್ರಾಂಬ್ಲಾಂ ಎಂಬ ಸ್ಕೀಯಿಂಗ್ ತಾಣದಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಜಾರಿ ಬಿದ್ದರು. ಅದು ಹೊಸಬರು ಕಲಿಯಲೆಂದೇ ಇರುವ ಇಳಿಜಾರು. ಜೊತೆಯಲ್ಲಿ ತರಬೇತುದಾರರಿದ್ದರು. ಮರಕ್ಕೋ ಇನ್ನೊಬ್ಬರಿಗೋ ಡಿಕ್ಕಿ ಹೊಡೆದದ್ದಲ್ಲ. ತಲೆಗೆ ಹೆಲ್ಮೆಟ್ ಇರಲಿಲ್ಲ, ಆದರೆ ಗಾಯವೂ ಕಾಣಲಿಲ್ಲ. ಎದ್ದು ನಿಂತು ನಗುನಗುತ್ತಲೇ ಮಾತಾಡಿದರು. ಮಧ್ಯಾಹ್ನ 12:43ಕ್ಕೆ ಕರೆ ಹೋಗಿ ಆಂಬುಲೆನ್ಸ್ ಬಂತು. ಬೇಡವೆಂದು ವಾಪಸ್ ಕಳಿಸಿದ್ದಾಯಿತು. ಹೋಟೆಲ್ ಕೋಣೆಗೆ ಮರಳಿದ ಮೇಲೆ ತಲೆನೋವು ಶುರುವಾಯಿತು. ಎರಡನೆಯ ಕರೆ ಹೋದದ್ದು 3 ಗಂಟೆಗೆ. ಮೊದಲು ಹತ್ತಿರದ ಊರಿನ ಆಸ್ಪತ್ರೆ, ಅಲ್ಲಿಂದ ರಸ್ತೆಯಲ್ಲೇ ಮಾಂಟ್ರಿಯಲ್, ಮರುದಿನ ವಿಮಾನದಲ್ಲಿ ನ್ಯೂಯಾರ್ಕ್. 18ರಂದು ತೀರಿಕೊಂಡರು. ವಯಸ್ಸು 45.

ತಾಯಿ ಹೆಸರಾಂತ ನಟಿ ವನೆಸ್ಸಾ ರೆಡ್‌ಗ್ರೇವ್, ಗಂಡ ನಟ ಲಿಯಾಮ್ ನೀಸನ್, ಸ್ವತಃ ‘ಕ್ಯಾಬರೆ’ ನಾಟಕಕ್ಕೆ 1998ರ ಟೋನಿ ಪ್ರಶಸ್ತಿ ಪಡೆದಾಕೆ. ಸುದ್ದಿ ಕಾಡ್ಗಿಚ್ಚಾಗಲು ಇಷ್ಟು ಸಾಕಿತ್ತು. ಮನೆಯವರು ಇನ್ನೂ ಬಾಯಿ ಬಿಡದಿದ್ದಾಗಲೇ ಮೆದುಳು ನಿಷ್ಕ್ರಿಯವಾಗಿದೆ ಎಂದು ಬರೆದವರಿದ್ದರು. ಸಾವಿನ ಮರುದಿನ ಬ್ರಾಡ್‌ವೇ ರಂಗಮಂದಿರಗಳ ದೀಪಗಳನ್ನು ಗೌರವಾರ್ಥ ಮಂದಗೊಳಿಸಲಾಯಿತು. ಅಷ್ಟರಲ್ಲಿ ಚರ್ಚೆ ಎರಡು ಹಳಿಗಳ ಮೇಲೆ ಓಡತೊಡಗಿತ್ತು: ಹೆಲ್ಮೆಟ್ ಯಾಕೆ ಕಡ್ಡಾಯವಲ್ಲ? ಕ್ವಿಬೆಕ್‌ನಲ್ಲಿ ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರ್ ಸೇವೆ ಯಾಕಿಲ್ಲ? ಎರಡೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಆಕೆಯನ್ನು ಕೊಂದದ್ದು ಏನೆಂದು ನೋಡಿದರೆ, ಅವುಗಳಿಗಿಂತ ದೊಡ್ಡ ಪ್ರಶ್ನೆ ಆ ಎರಡು ಗಂಟೆಗಳದ್ದು.

ನ್ಯೂಯಾರ್ಕ್ ನಗರದ ಮರಣೋತ್ತರ ಪರೀಕ್ಷೆ ಕೊಟ್ಟ ಕಾರಣ ಎಪಿಡ್ಯೂರಲ್ ಹೆಮಟೋಮಾ. ಮೆದುಳಿನ ಸುತ್ತ ಡ್ಯೂರಾ ಎಂಬ ಗಟ್ಟಿ ಪೊರೆ ಇದೆ. ಅದು ತಲೆಬುರುಡೆಯ ಒಳಮೈಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕಣ್ಣಿಗೂ ಕಿವಿಗೂ ನಡುವೆ, ಕಣತಲೆಯಲ್ಲಿ, ಬುರುಡೆಯ ಮೂಳೆ ಬಹಳ ತೆಳು. ಅದರ ಒಳಬದಿಗೇ ಒಂದು ಅಪಧಮನಿ ಹಾದುಹೋಗುತ್ತದೆ. ಇಲ್ಲಿ ಪೆಟ್ಟು ಬಿದ್ದು ಮೂಳೆ ಸೀಳಿದರೆ ರಕ್ತನಾಳವೂ ಹರಿಯಬಹುದು. ಅಪಧಮನಿಯ ರಕ್ತಕ್ಕೆ ಒತ್ತಡ ಹೆಚ್ಚು. ಅದು ಬುರುಡೆಗೂ ಪೊರೆಗೂ ನಡುವೆ ನುಗ್ಗಿ, ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರಿನ ಹಿಂದೆ ಮಳೆನೀರು ಸೇರಿ ಉಬ್ಬುವ ಹಾಗೆ, ಪೊರೆಯನ್ನು ಇಷ್ಟಿಷ್ಟೇ ಬಿಡಿಸುತ್ತಾ ಒಳಕ್ಕೆ ತಳ್ಳುತ್ತದೆ.

ಆರಂಭದಲ್ಲಿ ಮೆದುಳಿಗೆ ಏನೂ ಆಗಿರುವುದಿಲ್ಲ ಎಂಬುದೇ ಇದರ ಕಪಟ. ಬುರುಡೆಯೊಳಗಿನ ಜಾಗ ಸುಮಾರು ಒಂದೂವರೆ ಲೀಟರ್, ಅದು ಹಿಗ್ಗುವುದಿಲ್ಲ. ರಕ್ತ ಸೇರಿದಷ್ಟೂ ಮೆದುಳುಬಳ್ಳಿಯ ದ್ರವ ಹೊರಕ್ಕೆ ಸರಿದು ಜಾಗ ಬಿಟ್ಟುಕೊಡುತ್ತದೆ, ಸಿರೆಗಳ ರಕ್ತವೂ ಸರಿಯುತ್ತದೆ. ಅಲ್ಲಿಯವರೆಗೆ ಆ ವ್ಯಕ್ತಿ ಮಾತಾಡುತ್ತಾರೆ, ನಡೆಯುತ್ತಾರೆ, ಕಾಫಿ ಕುಡಿಯುತ್ತಾರೆ. ಸರಿಯಲು ಇನ್ನೇನೂ ಉಳಿಯದಾಗ ಒತ್ತಡ ಏಕಾಏಕಿ ಏರುತ್ತದೆ: ತಲೆನೋವು, ವಾಂತಿ, ಮಂಪರು. ಮೆದುಳಿನ ಒಂದು ಅಂಚು ಕೆಳಗೆ ಜಾರಿ ಕಣ್ಣಿನ ನರವನ್ನು ಒತ್ತಿದಾಗ ಒಂದು ಬದಿಯ ಪಾಪೆ ಅಗಲವಾಗಿ ನಿಂತುಬಿಡುತ್ತದೆ. ಆ ಹೊತ್ತಿಗೆ ಉಳಿದಿರುವುದು ನಿಮಿಷಗಳ ಲೆಕ್ಕ. 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟು ರಕ್ತ, ಅದಕ್ಕಿಂತ ಹೆಚ್ಚು ಸೇರಿದ್ದರೆ ರೋಗಿ ಎಚ್ಚರವಿದ್ದರೂ ಶಸ್ತ್ರಚಿಕಿತ್ಸೆ ಮಾಡಬೇಕೆನ್ನುತ್ತದೆ ನರಶಸ್ತ್ರಜ್ಞರ ಮಾರ್ಗಸೂಚಿ. ಬುರುಡೆ ತೆರೆದು ರಕ್ತ ಹೊರತೆಗೆದು ನಾಳವನ್ನು ಮುಚ್ಚುವುದು ಆ ಕ್ಷೇತ್ರದ ಹಳೆಯ, ನೇರವಾದ ಕೆಲಸ. ಸಮಯಕ್ಕೆ ಸಿಕ್ಕಿದರೆ ಪೂರ್ತಿ ಗುಣವಾಗುವವರೇ ಹೆಚ್ಚು. ಹಾಗಾಗಿಯೇ ಇಂಥ ಸಾವು ವೈದ್ಯರನ್ನು ಹೆಚ್ಚು ಕಾಡುತ್ತದೆ.

ಇದೇನೂ 2009ರಲ್ಲಿ ಹೊಸದಾಗಿ ತಿಳಿದದ್ದಲ್ಲ. 1975ರಲ್ಲೇ ಗ್ಲಾಸ್ಗೋದ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ತಲೆಗೆ ಪೆಟ್ಟು ಬಿದ್ದ ಮೇಲೂ ಮಾತಾಡಿ ಆಮೇಲೆ ಸತ್ತವರನ್ನು ಕುರಿತು ಬರೆದಿದ್ದರು. ಅವರಲ್ಲಿ ಬಹುಮಂದಿಯ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಮಾತಾಡಿದ್ದಾರೆಂದರೆ ಪೆಟ್ಟು ಬಿದ್ದ ಗಳಿಗೆಯಲ್ಲೇ ಮೆದುಳು ಹಾಳಾಗಿರಲಿಲ್ಲ, ಉಳಿಸಲು ಅವಕಾಶವಿತ್ತು ಎಂಬುದು ಆ ಲೇಖನದ ಚುಚ್ಚುವ ವಾದ. ನಮ್ಮ ಕ್ರಿಕೆಟ್ ಪ್ರಿಯರಿಗೆ ರಮಣ್ ಲಾಂಬಾ ನೆನಪಿರಬಹುದು. 1998ರ ಫೆಬ್ರುವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದಾಗ ಚೆಂಡು ತಲೆಗೆ ಬಡಿದು ಪುಟಿದು ವಿಕೆಟ್ ಕೀಪರ್ ಕೈಸೇರಿತು. ಬ್ಯಾಟ್ಸ್‌ಮನ್ ಔಟ್. ಲಾಂಬಾ ತಾವೇ ನಡೆದು ಡ್ರೆಸ್ಸಿಂಗ್ ರೂಮಿಗೆ ಹೋದರು. ಮೂರು ದಿನಗಳ ನಂತರ ತೀರಿಕೊಂಡರು.

ಇನ್ನು ಹೆಲ್ಮೆಟ್. ಆ ಚಳಿಗಾಲದಲ್ಲಿ ಅದು ಮೊದಲೇ ಸುದ್ದಿಯಲ್ಲಿತ್ತು. 2009ರ ಜನವರಿ 1ರಂದು ಜರ್ಮನಿಯ ರಾಜಕಾರಣಿ ಡೀಟರ್ ಆಲ್ಟ್‌ಹೌಸ್ ಆಸ್ಟ್ರಿಯಾದ ಇಳಿಜಾರಿನಲ್ಲಿ ಮಹಿಳೆಯೊಬ್ಬರಿಗೆ ಡಿಕ್ಕಿ ಹೊಡೆದಿದ್ದರು. ಹೆಲ್ಮೆಟ್ ಧರಿಸಿದ್ದ ಅವರು ಬದುಕಿದರು, ಧರಿಸದ ಆಕೆ ಸತ್ತರು. ಅಂಗಡಿಗಳಲ್ಲಿ ಹೆಲ್ಮೆಟ್‌ಗೆ ನೂಕುನುಗ್ಗಲಾಯಿತು. ಹೆಲ್ಮೆಟ್ ಧರಿಸಿದರೆ ತಲೆಪೆಟ್ಟಿನ ಅಪಾಯ ಸುಮಾರು 35%ರಷ್ಟು ತಗ್ಗುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು. ಅದು ಸಣ್ಣ ಲಾಭವಲ್ಲ. ಅಮೆರಿಕದಲ್ಲಿ 2002-03ರಲ್ಲಿ ಸ್ಕೀಯಿಂಗ್ ಮಾಡುವವರಲ್ಲಿ 25% ಮಂದಿ ಹೆಲ್ಮೆಟ್ ಧರಿಸುತ್ತಿದ್ದರೆ, ರಿಚರ್ಡ್‌ಸನ್ ಬಿದ್ದ ಋತುವಿನಲ್ಲಿ ಅದು 48% ಆಗಿತ್ತು, ಮರುವರ್ಷ 57%. ಆದರೂ ಅಲ್ಲಿ ವರ್ಷಕ್ಕೆ 40ರ ಆಸುಪಾಸಿನ ಸಾವುಗಳು ಅದೇ ವೇಗದಲ್ಲಿ ಇಳಿಯಲಿಲ್ಲ. ಮರಕ್ಕೆ ಜೋರಾಗಿ ಗುದ್ದಿದ ದೇಹವನ್ನು ಹೆಲ್ಮೆಟ್ ಕಾಯಲಾರದು. ರಿಚರ್ಡ್‌ಸನ್ ಬಿದ್ದದ್ದು ನಿಧಾನದ ಇಳಿಜಾರಿನಲ್ಲಿ. ಅಂಥ ಕಡೆಯೇ ಹೆಲ್ಮೆಟ್ ಹೆಚ್ಚು ಕೆಲಸಕ್ಕೆ ಬರುವುದು. ಆದರೆ ಇದ್ದಿದ್ದರೆ ಬದುಕುತ್ತಿದ್ದರು ಎಂದು ಟಿವಿಯಲ್ಲಿ ಘಂಟಾಘೋಷವಾಗಿ ಸಾರಲು ಯಾರ ಬಳಿಯೂ ಪುರಾವೆ ಇರಲಿಲ್ಲ. ಹೆಲ್ಮೆಟ್ ಅಂಗಡಿಯಲ್ಲಿ ಸಿಗುವ ವಸ್ತುವಾದ್ದರಿಂದ ಚರ್ಚೆ ಅತ್ತಲೇ ವಾಲಿತು ಎಂಬುದು ನನ್ನ ಅನುಮಾನ. ಆಂಬುಲೆನ್ಸನ್ನು ವಾಪಸ್ ಕಳಿಸುವ ಮನಸ್ಸಿಗೆ ಅಂಗಡಿಯಲ್ಲಿ ಮದ್ದಿಲ್ಲ.

ಹಾಗೆಂದು ಆ ಗದ್ದಲವೆಲ್ಲ ವ್ಯರ್ಥವಾಯಿತೆನ್ನಲಾರೆ. ಅದೇ ವಾರ ಅಮೆರಿಕದ ಒಹಾಯೊದಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿಗೆ ಬೇಸ್‌ಬಾಲ್ ಚೆಂಡು ತಲೆಗೆ ಬಡಿದಿತ್ತು. ಸಣ್ಣ ಊತ, ಮಂಜುಗಡ್ಡೆ ಇಟ್ಟರು, ಆಟಪಾಠ ಎಂದಿನಂತೆ ನಡೆಯಿತು. ಎರಡು ದಿನದ ಮೇಲೆ ತಲೆನೋವೆಂದು ಅತ್ತಾಗ, ರಿಚರ್ಡ್‌ಸನ್ ಸುದ್ದಿ ಕೇಳಿದ್ದ ಅಪ್ಪ ಅಮ್ಮ ತಡಮಾಡದೆ ವೈದ್ಯರಿಗೆ ಫೋನ್ ಮಾಡಿದರು. ಅದೇ ಎಪಿಡ್ಯೂರಲ್ ಹೆಮಟೋಮಾ. ಶಸ್ತ್ರಚಿಕಿತ್ಸೆಯಾಯಿತು, ಹುಡುಗಿ ಉಳಿದಳು.

ಇನ್ನೊಂದು ಕಡೆ, ತಲೆ ತಾಗಿಸಿಕೊಂಡ ಪ್ರತಿಯೊಬ್ಬರಿಗೂ ಸಿ.ಟಿ. ಸ್ಕ್ಯಾನ್ ಮಾಡುವಂತಿಲ್ಲ. ಅದಕ್ಕೆ ವಿಕಿರಣದ ಬೆಲೆ ಇದೆ, ಮಕ್ಕಳಿಗಂತೂ ಹೆಚ್ಚು. ಯಾರಿಗೆ ಸ್ಕ್ಯಾನ್ ಬೇಕೆಂದು ತೀರ್ಮಾನಿಸಲು 2001ರಲ್ಲಿ ಕೆನಡಾದ ವೈದ್ಯರೇ ಒಂದು ಸೂತ್ರ ರೂಪಿಸಿದ್ದರು. ಅದು ಅನ್ವಯಿಸುವುದು ಪೆಟ್ಟು ಬಿದ್ದಾಗ ಪ್ರಜ್ಞೆ ತಪ್ಪಿದವರಿಗೆ, ನಡೆದದ್ದನ್ನು ಮರೆತವರಿಗೆ, ಇಲ್ಲವೇ ಗೊಂದಲಕ್ಕೊಳಗಾದವರಿಗೆ ಮಾತ್ರ. ಹೊರಬಂದ ವಿವರಗಳನ್ನು ನೋಡಿದರೆ, ಬಿದ್ದ ಹೊತ್ತಿನಲ್ಲಿ ರಿಚರ್ಡ್‌ಸನ್‌ಗೆ ಈ ಮೂರೂ ಇದ್ದಂತಿಲ್ಲ. ಹಾಗಾಗಿ ಉಳಿಯುವುದು ಕಾವಲು. ಮೊದಲ 24 ಗಂಟೆ ಒಬ್ಬರನ್ನೇ ಬಿಡದೆ ಯಾರಾದರೂ ಜೊತೆಗಿರಬೇಕು. ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲು ಕಷ್ಟವಾದರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಹೋಗಲಿ ಬಿಡಿ ಎಂದು ಪೆಟ್ಟು ತಿಂದವರು ಎಷ್ಟೇ ಅಂದರೂ ಕೇಳದೆ ಕರೆದುಕೊಂಡು ಹೋಗಬೇಕು. ಹೋಗುವುದೂ ಹತ್ತಿರವಿದೆಯೆಂದು ಯಾವುದೋ ಕ್ಲಿನಿಕ್ಕಿಗಲ್ಲ. ಸ್ಕ್ಯಾನ್ ಯಂತ್ರವೂ ನರಶಸ್ತ್ರಜ್ಞರೂ ಇರುವ ಆಸ್ಪತ್ರೆಗೆ.